ಕರ್ತನನ್ನು ಎದುರುನೋಡುವವರ ದುಡಿತ

(ಓದತಕ್ಕ ವೇದಭಾಗಗಳು: ಅ. ಕೃ. ೧೭:೧–೧೦, ೧ ಥೆಸ. ೪:೯–೧೨, ೫:೧೨–೨೨, ೨ ಥೆಸ. ೩:೬–೧೫)



ನಮ್ಮ ಗ್ರಾಮಸಭೆಗಳಲ್ಲಿ ಎರಡು ವಿಧವಾದ ವಿಶ್ವಾಸಿಗಳು ಕಂಡುಬರುವದುಂಟು. ಒಬ್ಬನು ಪ್ರಾರ್ಥನಾಕೂಟವು ಎಲ್ಲಿ ನಡೆದರೂ ಎಲ್ಲರಿಗಿಂತ ಮೊದಲು ಬಂದು ಕೂತುಕೊಳ್ಳುವನು; ಆದರೆ ಅವನ ಹೊಲದಲ್ಲಿ ಕಳೆ ಬೆಳೆದಿರುವದು, ಅವನ ಹೆಂಡತಿಯು ನೆರೆಮನೆಯಿಂದ ಜೋಳವನ್ನು ಕಡ ತರುವಳು. ಇನ್ನೊಬ್ಬನು ಮುಂಜಾನೆಯಿಂದ ಕತ್ತಲಾಗುವ ವರೆಗೂ ದುಡಿಯುವನು. ಆದರೆ ಅವನ ಮನೆಯ ಗೂಡಿನಲ್ಲಿ ಸತ್ಯವೇದವು ಧೂಳು ಹಿಡಿದಿರುವದು, ಕರ್ತನ ದಿನದಲ್ಲಿ ಗುಡಿಯ ಘಂಟೆ ಕೇಳಿದರೂ ಅವನು ಎದ್ದು ಬರನು. ಮೊದಲನೆಯವನು ಎರಡನೆಯವನನ್ನು ಲೋಕದವನೆಂದು ಹಳಿಯುವನು. ಎರಡನೆಯವನು ಮೊದಲನೆಯವನನ್ನು ಸೋಮಾರಿಯೆಂದು ನಗುವನು. ಇವರಲ್ಲಿ ಯಾರ ಮಾತು ಸರಿ? ಈ ಪ್ರಶ್ನೆಗೆ ಉತ್ತರವನ್ನು ಥೆಸಲೊನೀಕದ ಸಭೆಯವರಿಂದ ಕಲಿಯೋಣ, ಯಾಕಂದರೆ ಅವರೂ ನಮ್ಮ ಹಾಗೆಯೇ ವಿಗ್ರಹಗಳನ್ನು ಬಿಟ್ಟು ಹೊಸದಾಗಿ ದೇವರ ಕಡೆಗೆ ತಿರುಗಿದವರಾಗಿದ್ದರು (೧ ಥೆಸ. ೧:೯).

೧. ಆ ಊರೂ ಆ ಸಭೆಯೂ

ಥೆಸಲೊನೀಕವು ಮಕೆದೋನ್ಯ ದೇಶದ ದೊಡ್ಡ ಪಟ್ಟಣ. ಕ್ರಿಸ್ತಪೂರ್ವ ಸುಮಾರು ೩೧೫ರಲ್ಲಿ ಕಸ್ಸಾಂದ್ರನೆಂಬ ಅರಸನು ಅದನ್ನು ಸ್ಥಾಪಿಸಿ ತನ್ನ ಹೆಂಡತಿಯ ಹೆಸರನ್ನು ಅದಕ್ಕಿಟ್ಟನು; ಆಕೆಯು ಮಹಾ ಅಲೆಕ್ಸಾಂದ್ರನ ಮಲತಂಗಿ. ರೋಮಾಯರು ಹಾಕಿಸಿದ ಹೆದ್ದಾರಿಯು ಅದರ ಮೂಲಕ ಹೋಗುತ್ತಿತ್ತು. ಹಡಗುಗಳು ಬಂದು ನಿಲ್ಲುವ ಬಂದರವೂ ಅಲ್ಲಿತ್ತು. ಆ ಊರು ಇಂದಿಗೂ ಗ್ರೀಸ್ ದೇಶದಲ್ಲಿ ದೊಡ್ಡ ಪಟ್ಟಣವಾಗಿಯೇ ಉಂಟು.

ಪೌಲನೂ ಸೀಲನೂ ಅಲ್ಲಿಗೆ ಬಂದಾಗ ಪೌಲನು ಮೂರು ಸಬ್ಬತ್ ದಿನಗಳಲ್ಲಿ ಸಭಾಮಂದಿರದಲ್ಲಿ ವಾದಿಸಿದನು. ಕೆಲವರು ನಂಬಿದರು. ಆಗ ಗದ್ದಲವೆದ್ದು ಜನರು ಯಾಸೋನನ ಮನೆಗೆ ನುಗ್ಗಿದರು. ಸಹೋದರರು ಪೌಲನನ್ನೂ ಸೀಲನನ್ನೂ ಆ ರಾತ್ರಿಯೇ ಬೇರೆ ಊರಿಗೆ ಕಳುಹಿಸಬೇಕಾಯಿತು. ಹೀಗೆ ಬೇಗನೆ ಗುರುವನ್ನು ಕಳಕೊಂಡ ಎಳೆಯ ಸಭೆಗೆ ಅಪೊಸ್ತಲನು ಕೊರಿಂಥದಿಂದ ಪತ್ರಿಕೆಯನ್ನು ಬರೆದನೆಂದು ವೇದಪಂಡಿತರು ಹೇಳುತ್ತಾರೆ. ಅವನು ಕೊರಿಂಥದಲ್ಲಿದ್ದಾಗ ಗಲ್ಲಿಯೋನನು ಅಲ್ಲಿಯ ಅಧಿಪತಿಯಾಗಿದ್ದನು (ಅ. ಕೃ. ೧೮:೧೨). ದೆಲ್ಫಿ ಎಂಬ ಊರಲ್ಲಿ ಸಿಕ್ಕಿದ ಕಲ್ಲಿನ ಶಾಸನದಲ್ಲಿ ಈ ಗಲ್ಲಿಯೋನನ ಹೆಸರಿರುವದರಿಂದ, ಆ ಕಾಲವು ಕ್ರಿ. ಶ. ಸುಮಾರು ೫೦–೫೧ ಎಂದು ಗೊತ್ತಾಗುತ್ತದೆ.

೨. ಸಾಲು ತಪ್ಪಿದವರು

ಈ ಸಭೆಯವರ ವಿಶ್ವಾಸವೂ ಪ್ರೀತಿಯೂ ಸುತ್ತಲೂ ಪ್ರಸಿದ್ಧವಾಗಿದ್ದವು. ಕರ್ತನು ತಿರಿಗಿ ಬರುವನೆಂಬ ನಿರೀಕ್ಷೆಯು ಅವರಲ್ಲಿ ಉರಿಯುತ್ತಿತ್ತು. ಹೀಗಿದ್ದರೂ ಕೆಲವರು ಕೈಕೆಲಸವನ್ನು ಬಿಟ್ಟುಬಿಟ್ಟರು. ಯಾತಕ್ಕೆ ಬಿಟ್ಟರೆಂದು ಪತ್ರಿಕೆಯಲ್ಲಿ ಬಿಚ್ಚಿ ಬರೆದಿಲ್ಲ. ಆದರೆ ಕರ್ತನ ದಿನವು ಬಂದೇಬಿಟ್ಟಿತೆಂಬ ಸುದ್ದಿಯು ಅವರನ್ನು ಕದಲಿಸುತ್ತಿತ್ತೆಂದು ಎರಡನೆಯ ಪತ್ರಿಕೆಯಿಂದ ತಿಳಿದುಬರುತ್ತದೆ (೨:೨). ನಾಳೆ ಲೋಕವು ಮುಗಿಯುವದಾದರೆ ಇಂದು ದುಡಿಯುವದೇಕೆ ಎಂದು ಅವರು ಎಣಿಸಿದರೆಂದು ಅನೇಕರು ಅಭಿಪ್ರಾಯಪಡುತ್ತಾರೆ.

ಇಂಥವರ ನಡತೆಗೆ ಅಪೊಸ್ತಲನು ಉಪಯೋಗಿಸಿದ ಗ್ರೀಕ್ ಮಾತು, ಸಾಲು ತಪ್ಪಿದ ಸಿಪಾಯಿಯ ವಿಷಯದಲ್ಲಿಯೂ ಹೇಳುವ ಮಾತಾಗಿದೆ. ಅವರು ಸ್ವಂತ ಕೆಲಸವನ್ನು ಬಿಟ್ಟು ಪರರ ಕೆಲಸದಲ್ಲಿ ತಲೆಹಾಕುತ್ತಿದ್ದರೆಂದೂ ಅವನು ಹೇಳುತ್ತಾನೆ (೨ ಥೆಸ. ೩:೧೧). ಕೈಗೆ ಕೆಲಸವಿಲ್ಲದಾಗ ನಾಲಿಗೆಗೆ ಕೆಲಸ ಹೆಚ್ಚುವದೆಂಬದನ್ನು ನಮ್ಮ ಕೇರಿಗಳಲ್ಲಿಯೂ ಕಾಣುತ್ತೇವಲ್ಲವೇ?

೩. ಅಪೊಸ್ತಲನು ಕೊಟ್ಟ ಔಷಧ

ಇಲ್ಲಿ ಚೆನ್ನಾಗಿ ಗಮನಿಸಿರಿ. ನಿರೀಕ್ಷೆ ಹೆಚ್ಚಾದದ್ದರಿಂದ ಕೆಲಸ ಕೆಟ್ಟಿತು, ಆದಕಾರಣ ನಿರೀಕ್ಷೆಯನ್ನು ಸ್ವಲ್ಪ ಕಡಿಮೆ ಮಾಡಿರಿ ಎಂದು ಅವನು ಹೇಳಲಿಲ್ಲ. ಮೊದಲನೆಯ ಪತ್ರಿಕೆಯ ಐದು ಅಧ್ಯಾಯಗಳಲ್ಲಿಯೂ ಕರ್ತನ ಬರುವಿಕೆಯ ಮಾತು ಬರುತ್ತದೆ. ಅದೇ ಪತ್ರಿಕೆಯಲ್ಲಿ, ಸುಮ್ಮನಿದ್ದು ಸ್ವಂತ ಕಾರ್ಯವನ್ನು ನೋಡಿಕೊಂಡು ಕೈಯಾರೆ ದುಡಿಯಬೇಕೆಂಬ ಬುದ್ಧಿಯೂ ಉಂಟು (೪:೧೧). ಈ ಎರಡೂ ಒಂದೇ ಬಾಯಿಂದ ಬಂದವು.

ಮಳೆ ಬರುವದೆಂದು ನಂಬುವ ಒಕ್ಕಲಿಗನು ಕಟ್ಟೆಯ ಮೇಲೆ ಕೂತು ಆಕಾಶವನ್ನೇ ನೋಡುತ್ತಿರುವನೋ? ರೋಹಿಣಿ ಮಳೆಗೆ ಮುಂಚೆಯೇ ಅವನು ಹೊಲಕ್ಕೆ ಗೊಬ್ಬರ ಹಾಕಿ, ಉತ್ತು, ಕೂರಿಗೆಯನ್ನು ಬಡಿಗನಿಂದ ಸರಿಮಾಡಿಸಿ, ಬೀಜವನ್ನು ಹಸನುಮಾಡಿ ಇಟ್ಟುಕೊಳ್ಳುವನು. ಮಳೆಯ ಆಶೆಯನ್ನು ಬಿಟ್ಟವನೇ ಎತ್ತುಗಳ ಕೊರಳು ಬಿಚ್ಚಿ ಮಲಗುವನು. ಹಾಗೆಯೇ ಕರ್ತನನ್ನು ನಿಜವಾಗಿ ಎದುರುನೋಡುವವನು ತನ್ನ ಕೆಲಸದಲ್ಲಿ ಎಚ್ಚರವುಳ್ಳವನಾಗಿರುವನು. ಇನ್ನೊಂದು ಮಾತೂ ಉಂಟು: ಎಷ್ಟು ಹದವಾಗಿ ಉತ್ತರೂ ಮಳೆಯು ಒಕ್ಕಲಿಗನ ಕೈಯಲ್ಲಿಲ್ಲ. ದುಡಿತವನ್ನೇ ನಂಬಿ ಪ್ರಾರ್ಥನೆಯನ್ನು ಬಿಟ್ಟವನು ಇದನ್ನು ಮರೆತಿದ್ದಾನೆ.

ಎಡೆಬಿಡದೆ ಪ್ರಾರ್ಥಿಸಬೇಕೆಂಬ ಅಪ್ಪಣೆಯೂ (೧ ಥೆಸ. ೫:೧೭) ಇದೇ ಸಭೆಯವರಿಗೆ ಕೊಡಲ್ಪಟ್ಟಿತು. ಇದರ ಅರ್ಥವು ಹಗಲೆಲ್ಲಾ ಕೂಟದಲ್ಲಿ ಕೂತಿರಬೇಕೆಂಬದಲ್ಲ. ಇದನ್ನು ಬರೆದವನು ತಾನೇ ಗುಡಾರ ಮಾಡುವ ಕಸಬಿನವನು (ಅ. ಕೃ. ೧೮:೩), ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದವನು (೧ ಥೆಸ. ೨:೯). ಕಳೆ ತೆಗೆಯುವಾಗಲೂ ಬೀಸುವಾಗಲೂ ದನಗಳ ಹಿಂದೆ ನಡೆಯುವಾಗಲೂ ಹೃದಯವು ದೇವರೊಂದಿಗೆ ಮಾತಾಡಬಹುದು. ಆದರೆ ಬೆಳಿಗ್ಗೆ ಸ್ವಲ್ಪ ಹೊತ್ತಾದರೂ ಆತನ ಮುಂದೆ ಮೊಣಕಾಲೂರದವನು ಹೊಲದಲ್ಲಿ ಆತನನ್ನು ನೆನಸುವದು ಅಪರೂಪ.

೪. ದುಡಿಯಲಾರದವರ ವಿಷಯ

ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದೆಂಬ ಕಟ್ಟಳೆಯನ್ನು (೨ ಥೆಸ. ೩:೧೦) ಕೆಲವರು ಕಲ್ಲಿನಂತೆ ಬಡವರ ಮೇಲೆ ಎಸೆಯುತ್ತಾರೆ. ಅದು ದುಡಿಯಲು ಮನಸ್ಸಿಲ್ಲದವನಿಗೆ ಹೇಳಿದ್ದು, ಶಕ್ತಿಯಿಲ್ಲದವನಿಗೆ ಹೇಳಿದ್ದಲ್ಲ. ಜ್ವರದಲ್ಲಿ ಮಲಗಿದವನೂ ಮುಪ್ಪಿನ ವಿಧವೆಯೂ ಬರಗಾಲದಲ್ಲಿ ಕೂಲಿ ಕೇಳಿ ಹತ್ತು ಬಾಗಲು ಸುತ್ತಿ ಬರಿಗೈಯಲ್ಲಿ ತಿರಿಗಿ ಬಂದವನೂ ಈ ಮಾತಿಗೆ ಒಳಗಾದವರಲ್ಲ. ಅಪೊಸ್ತಲನು ಮೂರು ತರದವರನ್ನು ಬೇರೆ ಬೇರೆಯಾಗಿ ನೋಡುತ್ತಾನೆ: ಸಾಲು ತಪ್ಪಿದವರಿಗೆ ಎಚ್ಚರಿಕೆ, ಮನಗುಂದಿದವರಿಗೆ ಧೈರ್ಯ, ಬಲಹೀನರಿಗೆ ಆಧಾರ, ಎಲ್ಲರ ವಿಷಯದಲ್ಲಿಯೂ ತಾಳ್ಮೆ (೧ ಥೆಸ. ೫:೧೪). ಬಲಹೀನನಿಗೆ ಎಚ್ಚರಿಕೆಯನ್ನೂ ಸೋಮಾರಿಗೆ ಆಧಾರವನ್ನೂ ಕೊಟ್ಟರೆ ಇಬ್ಬರೂ ಕೆಡುವರು.

ನಮ್ಮ ಕನ್ನಡ ಸೀಮೆಯ ಸಭೆಗಳ ಚರಿತ್ರೆಯಲ್ಲಿಯೂ ಈ ಪಾಠವುಂಟು. ೧೮೩೪ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ತರುವಾಯ, ಸ್ವಂತ ಜನರಿಂದ ದೂಡಲ್ಪಟ್ಟು ಕಸಬು ಕಳಕೊಂಡ ವಿಶ್ವಾಸಿಗಳು ಅನೇಕರಿದ್ದರು. ಅವರಿಗೆ ಬರೇ ಉಪದೇಶವು ಸಾಲದೆಂದು ಕಂಡು ನೇಯಿಗೆಯ ಕೆಲಸವನ್ನು ಏರ್ಪಡಿಸಿದರು. ೧೮೬೫ರಲ್ಲಿ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ದುಡಿಯಿರಿ ಎಂದು ಬೋಧಿಸುವ ಸಭೆಯು, ದುಡಿಯಲು ಮನಸ್ಸಿದ್ದೂ ಕೆಲಸ ಸಿಕ್ಕದವನಿಗೆ ದಾರಿ ತೋರಿಸುವ ಹಂಗಿನಲ್ಲಿಯೂ ಇರುತ್ತದೆ.

೫. ನಮ್ಮ ನಡತೆಗೆ

ಮೊದಲನೆಯದಾಗಿ, ಸಭೆಯ ಹಿರಿಯರು ಕೂಟಗಳ ಹೊತ್ತನ್ನು ದುಡಿಯುವವರಿಗೆ ಅನುಕೂಲವಾಗುವಂತೆ ಇಡಲಿ. ಸುಗ್ಗಿಯ ಕಾಲದಲ್ಲಿ ಸಂಜೆ ಕಣದಲ್ಲಿಯೇ ಕೂಡಿ ಪ್ರಾರ್ಥಿಸಿದರೆ ದೇವರು ಕೇಳನೋ?

ಎರಡನೆಯದಾಗಿ, ಇಂಥ ದಿನದಲ್ಲಿ ಲೋಕವು ಮುಗಿಯುವದೆಂದು ಹೇಳಿ ಎತ್ತನ್ನೂ ಹೊಲವನ್ನೂ ಮಾರಿಸುವವರ ಮಾತಿಗೆ ಮರುಳಾಗಬೇಡಿರಿ. ಆತ್ಮನನ್ನು ನಂದಿಸಬಾರದು, ಆದರೂ ಕೇಳಿದ್ದನ್ನೆಲ್ಲಾ ಪರೀಕ್ಷಿಸಿ ಒಳ್ಳೇದನ್ನು ಹಿಡಿಯಬೇಕು (೧ ಥೆಸ. ೫:೧೯–೨೧).

ಮೂರನೆಯದಾಗಿ, ನಮ್ಮ ನೆರೆಹೊರೆಯವರಲ್ಲಿ ಅನೇಕರು ಸತ್ಯವೇದವನ್ನು ಓದುವದಿಲ್ಲ; ನಮ್ಮ ಹೊಲವನ್ನೂ ನಮ್ಮ ಸಾಲವನ್ನೂ ನಮ್ಮ ಮಾತನ್ನೂ ನೋಡುತ್ತಾರೆ. ಹೊರಗಿನವರ ಮುಂದೆ ಮರ್ಯಾದೆಯಿಂದ ನಡೆಯಿರೆಂದು ಹೇಳಿದ್ದು ಇದಕ್ಕಾಗಿಯೇ (೧ ಥೆಸ. ೪:೧೨).

ಕಡೆಯದಾಗಿ, ಸಾಲು ತಪ್ಪಿದ ಸಹೋದರನನ್ನು ವೈರಿಯೆಂದೆಣಿಸದೆ ಸಹೋದರನೆಂದೇ ಬುದ್ಧಿಹೇಳಿರಿ (೨ ಥೆಸ. ೩:೧೫). ಕೂಟಕ್ಕೆ ಮಾತ್ರ ಓಡುವವನನ್ನು ಹೊಲಕ್ಕೆ ಕರಕೊಂಡುಹೋಗಿರಿ. ಹೊಲಕ್ಕೆ ಮಾತ್ರ ಓಡುವವನನ್ನು ಕೂಟಕ್ಕೆ ಕರಕೊಂಡುಬನ್ನಿರಿ. ಇಬ್ಬರೂ ಒಂದೇ ನೊಗಕ್ಕೆ ಕಟ್ಟಲ್ಪಟ್ಟವರು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(೧) ಈ ವಾರದಲ್ಲಿ ನಮ್ಮ ಮನೆಯೊಳಗೆ ಯಾವದು ಕುಂದಿತು—ಪ್ರಾರ್ಥನೆಯೋ, ದುಡಿತವೋ?
(೨) ನಮ್ಮ ಸಭೆಯಲ್ಲಿ ಮನಗುಂದಿದವರು ಯಾರು, ಬಲಹೀನರು ಯಾರು? ಅವರನ್ನು ನಾವು ಸೋಮಾರಿಗಳೆಂದು ಹಳಿದೆವೋ?
(೩) ಕರ್ತನು ಇಂದು ಬಂದರೆ ಯಾವ ಕೆಲಸದಲ್ಲಿ ಆತನು ನಮ್ಮನ್ನು ಕಾಣುವನು?