ರೋಕ್‌ಫೋರ್: ಹೆಸರನ್ನೇ ಆಸ್ತಿಯಾಗಿಸಿಕೊಂಡ ಬೆಟ್ಟದ ಹಳ್ಳಿ

ಫ್ರಾನ್ಸ್ ದೇಶದ ದಕ್ಷಿಣ ಭಾಗದ ಅವೆರೋನ್ ಜಿಲ್ಲೆಯಲ್ಲಿ ರೋಕ್‌ಫೋರ್-ಸ್ಯುರ್-ಸುಲ್ಜೋಂ ಎಂಬ ಪುಟ್ಟ ಗ್ರಾಮವಿದೆ. ಜನಸಂಖ್ಯೆ ಸಾವಿರಕ್ಕಿಂತ ಕಡಿಮೆ. ಆದರೂ ಈ ಗ್ರಾಮದ ಹೆಸರು ಜಗತ್ತಿನ ಎಲ್ಲ ಪ್ರಮುಖ ಆಹಾರ ಮಾರುಕಟ್ಟೆಗಳಲ್ಲಿ ಪರಿಚಿತವಾಗಿದೆ. ಇದಕ್ಕೆ ಕಾರಣ ಅಲ್ಲಿ ಹದಗೊಳ್ಳುವ ಕುರಿಹಾಲಿನ ಚೀಸ್. ಒಂದು ಪ್ರದೇಶದ ಭೂಗುಣವು ವ್ಯಾಪಾರವಾಗಿ, ವ್ಯಾಪಾರವು ಕಾನೂನಾಗಿ ರೂಪುಗೊಂಡ ಬಗೆಯನ್ನು ತಿಳಿಯಲು ಈ ಗ್ರಾಮದ ಚರಿತ್ರೆ ಉತ್ತಮ ನಿದರ್ಶನವಾಗಿದೆ.

ಭೂಗೋಳ

ಮಧ್ಯ ಫ್ರಾನ್ಸಿನ ಪರ್ವತಸ್ತೋಮದ ದಕ್ಷಿಣ ಅಂಚಿನಲ್ಲಿ ಕೋಸ್ ಎಂದು ಕರೆಯಲ್ಪಡುವ ವಿಶಾಲ ಸುಣ್ಣಕಲ್ಲಿನ ಪ್ರಸ್ಥಭೂಮಿಗಳಿವೆ. ಇಲ್ಲಿ ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಮಣ್ಣಿನ ಪದರ ತೆಳುವಾಗಿದೆ. ಬೇಸಾಯಕ್ಕಿಂತ ಕುರಿ ಮೇಯಿಸುವುದೇ ಇಂತಹ ನೆಲಕ್ಕೆ ಹೊಂದುವ ಕಸುಬು. ಸೆವೆನ್ ಪರ್ವತಗಳೊಡನೆ ಈ ಪ್ರದೇಶದ ಕುರಿಗಾಹಿ ಭೂದೃಶ್ಯವನ್ನು 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ರೋಕ್‌ಫೋರ್ ಗ್ರಾಮವು ಕೊಂಬಾಲು ಎಂಬ ಬೆಟ್ಟದ ಮಗ್ಗುಲಿಗೆ ಅಂಟಿಕೊಂಡಿದೆ. ಬಹು ಪ್ರಾಚೀನ ಕಾಲದಲ್ಲಿ ಈ ಬೆಟ್ಟದ ಒಂದು ಪಾರ್ಶ್ವವು ಕುಸಿದು, ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದು, ಅವುಗಳ ನಡುವೆ ಗವಿಗಳು ಉಂಟಾದವು. ಬಂಡೆಗಳ ಸೀಳುಗಳ ಮೂಲಕ ತಂಪಾದ, ತೇವಭರಿತ ಗಾಳಿಯು ಗವಿಗಳೊಳಗೆ ಸಂಚರಿಸುತ್ತದೆ. ಸ್ಥಳೀಯರು ಈ ಸೀಳುಗಳನ್ನು ಫ್ಲರೀನ್ ಎನ್ನುತ್ತಾರೆ. ಹೊರಗೆ ಬೇಸಿಗೆಯಿರಲಿ, ಚಳಿಗಾಲವಿರಲಿ, ಒಳಗಿನ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಉಳಿಯುತ್ತದೆ. ವಿದ್ಯುತ್ ಶೈತ್ಯಾಗಾರಗಳು ಬರುವುದಕ್ಕೆ ಶತಮಾನಗಳ ಮೊದಲೇ ನಿಸರ್ಗವು ಈ ಹಳ್ಳಿಗೆ ಒಂದು ಶೀತಲ ಗೋದಾಮನ್ನು ಒದಗಿಸಿತ್ತು.

ತಯಾರಿಕೆಯ ಕ್ರಮ

ಲಕೋನ್ ತಳಿಯ ಕುರಿಗಳ ಹಸಿ ಹಾಲನ್ನು ಮಾತ್ರ ಬಳಸಬೇಕೆಂಬುದು ಇಂದಿನ ನಿಯಮ. ಹಾಲನ್ನು ಹೆಪ್ಪುಗಟ್ಟಿಸಿ ಪೆನಿಸಿಲಿಯಂ ರೋಕ್‌ಫೋರ್ಟಿ ಎಂಬ ಬೂಷ್ಟನ್ನು ಸೇರಿಸಲಾಗುತ್ತದೆ. ಗಾಲಿಯಾಕಾರದ ಗಟ್ಟಿಗಳಿಗೆ ಉಪ್ಪು ಸವರಿ, ಸೂಜಿಗಳಿಂದ ಚುಚ್ಚಿ ಗವಿಯಲ್ಲಿ ಇಡುತ್ತಾರೆ. ಚುಚ್ಚಿದ ರಂಧ್ರಗಳ ಮೂಲಕ ಗಾಳಿ ಒಳಹೊಕ್ಕು ಬೂಷ್ಟು ಬೆಳೆಯುವುದರಿಂದಲೇ ನೀಲಿ-ಹಸಿರು ಗೆರೆಗಳು ಮೂಡುತ್ತವೆ. ಕನಿಷ್ಠ 14 ದಿನಗಳ ನಂತರ ಗಟ್ಟಿಗಳನ್ನು ಲೋಹದ ತೆಳು ಹಾಳೆಯಲ್ಲಿ ಸುತ್ತಿ ಗಾಳಿಯ ಸಂಪರ್ಕವನ್ನು ತಡೆಯುತ್ತಾರೆ. ತಯಾರಿಕೆಯಿಂದ ಮಾರಾಟದವರೆಗೆ ಕನಿಷ್ಠ 90 ದಿನಗಳು ಕಳೆಯಬೇಕು. ಅಷ್ಟು ಕಾಲವೂ ತಯಾರಕರ ಬಂಡವಾಳವು ಗವಿಯಲ್ಲಿಯೇ ಕುಳಿತಿರುತ್ತದೆ ಎಂಬುದನ್ನು ವರ್ತಕರು ಗಮನಿಸಬೇಕು.

ಹೆಸರಿನ ರಕ್ಷಣೆ

ಇಷ್ಟು ದೀರ್ಘ ಕಾಲ ಹಣ ತೊಡಗಿಸಿದ ಸರಕಿನ ಹೆಸರನ್ನು ಯಾರು ಬೇಕಾದರೂ ಬಳಸುವಂತಾದರೆ ನಷ್ಟ ತಪ್ಪದು. ಈ ಅರಿವು ಗ್ರಾಮಸ್ಥರಿಗೆ ಬಹಳ ಹಿಂದೆಯೇ ಉಂಟಾಗಿತ್ತು. 1411ರಲ್ಲಿ ದೊರೆ ಆರನೆಯ ಚಾರ್ಲ್ಸ್, ಈ ಗವಿಗಳಲ್ಲಿ ಚೀಸ್ ಹದಗೊಳಿಸುವ ವಿಶೇಷ ಹಕ್ಕನ್ನು ರೋಕ್‌ಫೋರ್ ನಿವಾಸಿಗಳಿಗೆ ನೀಡಿದನು. 1666ರಲ್ಲಿ ತುಲೂಸ್ ನಗರದ ಉಚ್ಚ ನ್ಯಾಯಮಂಡಲಿಯು ಇದೇ ಹೆಸರಿನಲ್ಲಿ ನಕಲಿ ಚೀಸ್ ಮಾರುವವರಿಗೆ ದಂಡ ವಿಧಿಸುವ ತೀರ್ಪು ಕೊಟ್ಟಿತು.

26 ಜುಲೈ 1925ರ ಕಾನೂನಿನಿಂದ, ಮೂಲಸ್ಥಾನದ ಹೆಸರಿನ ರಕ್ಷಣೆ ಪಡೆದ ಫ್ರಾನ್ಸಿನ ಮೊದಲ ಚೀಸ್ ಎಂಬ ಸ್ಥಾನ ಇದಕ್ಕೆ ದೊರೆಯಿತು. 1930ರಲ್ಲಿ ಹಾಲು ಉತ್ಪಾದಕರೂ ಚೀಸ್ ತಯಾರಕರೂ ಒಂದೇ ಒಕ್ಕೂಟದಡಿ ಸೇರಿ, ಕೆಂಪು ಕುರಿಯ ಸಾಮೂಹಿಕ ಮುದ್ರೆಯನ್ನು ಬಳಕೆಗೆ ತಂದರು. ಕಚ್ಚಾ ಸಾಮಗ್ರಿ ಕೊಡುವವರೂ ತಯಾರಕರೂ ಬೆಲೆಯ ವಿಷಯದಲ್ಲಿ ಎದುರಾಳಿಗಳಾಗಿರುವುದು ಸಹಜ. ಆದರೆ ಹೆಸರಿನ ವಿಷಯದಲ್ಲಿ ಅವರ ಹಿತ ಒಂದೇ ಎಂಬುದನ್ನು ಈ ಒಕ್ಕೂಟ ತೋರಿಸಿತು. ವಿಧಾನವನ್ನು ಬೇರೆಡೆ ಅನುಸರಿಸಬಹುದಾದರೂ, ಕೊಂಬಾಲು ಬೆಟ್ಟದ ನೈಸರ್ಗಿಕ ಗವಿಗಳಲ್ಲಿ ಹದಗೊಂಡದ್ದಕ್ಕೆ ಮಾತ್ರ ರೋಕ್‌ಫೋರ್ ಹೆಸರು ಸಲ್ಲುತ್ತದೆಂದು 1961ರಲ್ಲಿ ಮಿಲ್ಲೋ ನ್ಯಾಯಾಲಯ ಸ್ಪಷ್ಟಪಡಿಸಿತು. 1996ರಲ್ಲಿ ಐರೋಪ್ಯ ಒಕ್ಕೂಟದ ಮಟ್ಟದಲ್ಲಿಯೂ ರಕ್ಷಣೆ ಲಭಿಸಿತು.

ಸುಂಕದ ಹೊಡೆತ

ಕಾನೂನು ನಕಲನ್ನು ತಡೆಯಬಲ್ಲದು, ಸುಂಕವನ್ನಲ್ಲ. ಹಾರ್ಮೋನು ನೀಡಿ ಬೆಳೆಸಿದ ದನದ ಮಾಂಸದ ಆಮದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದ್ದಕ್ಕೆ ಪ್ರತೀಕಾರವಾಗಿ, 1999ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಅನುಮತಿಯೊಡನೆ ಅಮೆರಿಕವು ರೋಕ್‌ಫೋರ್ ಸೇರಿದಂತೆ ಹಲವು ಸರಕುಗಳ ಮೇಲೆ ಶೇ. 100ರ ಸುಂಕ ಹೇರಿತು. ಮಾಂಸದ ವ್ಯಾಜ್ಯಕ್ಕೂ ಕುರಿಗಾಹಿಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಅದೇ ಆಗಸ್ಟ್‌ನಲ್ಲಿ ಕುರಿ ಸಾಕಣೆದಾರ ಜೋಸೆ ಬೋವೆ ಮತ್ತು ಸಂಗಡಿಗರು ಸಮೀಪದ ಮಿಲ್ಲೋದಲ್ಲಿ ನಿರ್ಮಾಣದಲ್ಲಿದ್ದ ಅಮೆರಿಕನ್ ಉಪಾಹಾರ ಮಳಿಗೆಯೊಂದನ್ನು ಕಳಚಿ ಪ್ರತಿಭಟಿಸಿದರು. ಜನವರಿ 2009ರಲ್ಲಿ ಅಮೆರಿಕವು ಸುಂಕವನ್ನು ಶೇ. 300ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಮೇ ತಿಂಗಳಲ್ಲಿ ಉಭಯ ಪಕ್ಷಗಳು ಒಪ್ಪಂದಕ್ಕೆ ಬಂದುದರಿಂದ ಆ ಏರಿಕೆ ಜಾರಿಗೆ ಬರಲಿಲ್ಲ.

ಗ್ರಹಿಸಬೇಕಾದ ಪಾಠ

ಭಾರತದಲ್ಲಿ ಭೌಗೋಳಿಕ ಸೂಚಕಗಳ ಕಾಯಿದೆ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದಿತು. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆಗಳು ಈ ನೋಂದಣಿಯನ್ನು ಪಡೆದಿವೆ. ಆದರೆ ನೋಂದಣಿ ಪತ್ರವು ಕಾರ್ಯದ ಆರಂಭವೇ ಹೊರತು ಮುಕ್ತಾಯವಲ್ಲ. ಗುಣಮಟ್ಟದ ನಿಯಮಗಳನ್ನು ತಾವೇ ರೂಪಿಸಿ ಪಾಲಿಸುವುದು, ಉತ್ಪಾದಕರು ಒಂದೇ ಮುದ್ರೆಯಡಿ ಸಂಘಟಿತರಾಗುವುದು, ನಕಲು ಕಂಡಾಗ ನ್ಯಾಯಾಲಯದ ಮೆಟ್ಟಿಲೇರಲು ಹಿಂಜರಿಯದಿರುವುದು ಮತ್ತು ಒಂದೇ ವಿದೇಶಿ ಮಾರುಕಟ್ಟೆಯನ್ನು ನೆಚ್ಚಿಕೊಳ್ಳದಿರುವುದು ಅಷ್ಟೇ ಅಗತ್ಯ. ಬೆಟ್ಟ ಕುಸಿದುದರಿಂದ ರೋಕ್‌ಫೋರ್‌ಗೆ ಗವಿಗಳು ದೊರೆತವು. ಆ ಗವಿಗಳ ಹೆಸರಿಗೆ ಬೆಲೆ ಬಂದುದು ಆರು ಶತಮಾನಗಳ ಎಚ್ಚರದಿಂದ.