ಸಂಘದ ಕಡತದ ಬೀಗದ ಕೈ ಯಾರಲ್ಲಿರಬೇಕು?



ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘವನ್ನು ಆರಂಭಿಸಿದರು. ಹಿಂದೆ ಸಂಘದ ಪುಸ್ತಕಗಳು ಕಪಾಟಿನಲ್ಲಿರುತ್ತಿದ್ದವು. ಬೀಗದ ಕೈ ಯಾರಲ್ಲಿದೆಯೆಂದು ಸದಸ್ಯರಿಗೆ ತಿಳಿದಿರುತ್ತಿತ್ತು. ಇಂದು ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿಯೂ ಸಂಘ, ಗುಂಪುಗಳ ಪಟ್ಟಿಗಳನ್ನು ಗೂಗಲ್ ಡ್ರೈವ್‌ನಂತಹ ಕ್ಲೌಡ್ ಸಂಗ್ರಹದಲ್ಲಿ ಇಡುವುದುಂಟು. ಕ್ಲೌಡ್ ಎಂದರೆ ದೂರದ ಕಂಪ್ಯೂಟರಿನಲ್ಲಿ ನಮಗಾಗಿ ಇಟ್ಟ ಕಪಾಟು ಎಂದು ತಿಳಿಯಿರಿ. ಅದಕ್ಕೂ ಬೀಗ ಬೇಕು.

ನನ್ನಿಂದಲೇ ಆದ ತಪ್ಪೊಂದನ್ನು ಹೇಳುತ್ತೇನೆ. ಅಡಿಕೆ, ಕಾಳುಮೆಣಸಿನ ಬೆಳೆ ವಿಮೆಗಾಗಿ ಬೆಳೆಗಾರರ ಹೆಸರು, ಸರ್ವೆ ನಂಬ್ರ, ಬ್ಯಾಂಕ್ ಖಾತೆ ಸಂಖ್ಯೆಗಳ ಪಟ್ಟಿ ಮಾಡಿದೆ. ‘ನಿಮ್ಮ ವಿವರ ಸರಿಯಿದೆಯೇ ನೋಡಿರಿ’ ಎಂದು ಅದರ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ. ಲಿಂಕ್ ಸಿಕ್ಕಿದವರೆಲ್ಲ ಪಟ್ಟಿಯನ್ನು ತಿದ್ದಬಹುದೆಂಬ ಅನುಮತಿ ಅದಕ್ಕಿದ್ದುದನ್ನು ನಾನು ಗಮನಿಸಲಿಲ್ಲ. ಮರುದಿನ ಯಾರದೋ ಬೆರಳು ತಾಗಿ ಖಾತೆ ಸಂಖ್ಯೆಗಳು ಒಂದು ಸಾಲು ಕೆಳಕ್ಕೆ ಸರಿದಿದ್ದವು. ಒಬ್ಬರ ಹೆಸರಿನ ಎದುರು ನೆರೆಯವರ ಖಾತೆ! ಹಿರಿಯರೊಬ್ಬರು ಪಾಸ್‌ಬುಕ್ ಹಿಡಿದು ಬಂದು ತೋರಿಸದಿದ್ದರೆ ಪರಿಹಾರದ ಹಣಕ್ಕೆ ತೊಡಕಾಗುತ್ತಿತ್ತು. ‘ವರ್ಷನ್ ಹಿಸ್ಟರಿ’ಯಲ್ಲಿ ಹಿಂದಿನ ಪ್ರತಿ ಸಿಕ್ಕಿ ಪಟ್ಟಿ ಸರಿಯಾಯಿತು. ಆದರೆ ಅದನ್ನು ಯಾರು ಯಾರು ಇಳಿಸಿಕೊಂಡರೋ ತಿಳಿಯದು. ಲಿಂಕ್ ಮುಚ್ಚಿದರೂ ಇಳಿಸಿಕೊಂಡ ಪ್ರತಿ ಹಿಂದಕ್ಕೆ ಬರುವುದಿಲ್ಲ. ಈಗ ಪ್ರತಿಯೊಬ್ಬರಿಗೂ ಅವರವರ ಸಾಲನ್ನು ಮಾತ್ರ ಬೇರೆಯಾಗಿ ಕಳುಹಿಸುತ್ತೇನೆ.

ಆದ್ದರಿಂದ ಕೆಳಗಿನ ವಿಷಯಗಳನ್ನು ಲಕ್ಷ್ಯದಲ್ಲಿಡತಕ್ಕದ್ದು.

1. ಅನುಮತಿಯಲ್ಲಿ ಮೂರು ವಿಧ. ‘ವ್ಯೂವರ್’ ಓದಬಹುದು. ‘ಕಮೆಂಟರ್’ ಓದಿ ಟಿಪ್ಪಣಿ ಬರೆಯಬಹುದು. ‘ಎಡಿಟರ್’ ತಿದ್ದಬಹುದು, ಒಡೆಯರು ತಡೆಯದಿದ್ದರೆ ಇತರರಿಗೂ ಹಂಚಬಹುದು. ಪಟ್ಟಿ ಬರೆಯುವವರನ್ನು ಮಾತ್ರ ಎಡಿಟರ್ ಮಾಡಿರಿ.

2. ‘ಶೇರ್’ ಒತ್ತಿದಾಗ ಕಾಣುವ ‘ಜನರಲ್ ಆಕ್ಸೆಸ್’ ಎಂಬಲ್ಲಿ ‘ರಿಸ್ಟ್ರಿಕ್ಟೆಡ್’ ಎಂದಿರಲಿ. ಆಗ ನೀವು ಸೇರಿಸಿದವರಿಗೆ ಮಾತ್ರ ಕಡತ ತೆರೆಯುತ್ತದೆ. ‘ಎನಿವನ್ ವಿತ್ ದ ಲಿಂಕ್’ ಎಂದಿದ್ದರೆ ಲಿಂಕ್ ಸಿಕ್ಕಿದ ಯಾರಿಗೂ ತೆರೆಯುತ್ತದೆ. ಸಭೆಯ ಕರೆಯೋಲೆ, ಔಷಧ ಸಿಂಪಡಣೆಯ ಕ್ರಮ ಇಂಥವುಗಳಿಗೆ ಇದು ಸಾಕು. ಅಲ್ಲಿಯೂ ‘ವ್ಯೂವರ್’ ಎಂದೇ ಇಡಿರಿ.

3. ಫೋಲ್ಡರಿಗೆ ಕೊಟ್ಟ ಅನುಮತಿ ಅದರೊಳಗಿನ ಕಡತಗಳಿಗೂ ತಗಲುತ್ತದೆ. ಎಲ್ಲರಿಗೂ ತೋರಿಸುವ ಕಾಗದಗಳಿಗೆ ಒಂದು ಫೋಲ್ಡರ್, ಸದಸ್ಯರ ಆಧಾರ್, ಖಾತೆ ವಿವರಗಳಿಗೆ ಇನ್ನೊಂದು ಫೋಲ್ಡರ್ ಮಾಡಿರಿ.

4. ಕಡತವು ಒಬ್ಬರ ಸ್ವಂತ ಖಾತೆಯಲ್ಲಿರಬಾರದು. ಅವರು ಕೆಲಸ ಬಿಟ್ಟು ಹೋದರೆ ಸಂಘದ ದಾಖಲೆಯೂ ಅವರೊಡನೆ ಹೋದಂತೆ. 2 ವರ್ಷ ಬಳಸದೆ ಬಿಟ್ಟ ಸ್ವಂತ ಖಾತೆಯನ್ನು ಗೂಗಲ್ ಅಳಿಸಲೂಬಹುದು. ಸಂಸ್ಥೆಗಳಿಗಾಗಿ ಇರುವ ‘ಶೇರ್ಡ್ ಡ್ರೈವ್’ನಲ್ಲಿ ಕಡತವು ಸಂಸ್ಥೆಯದಾಗಿರುತ್ತದೆ, ಸಿಬ್ಬಂದಿ ಬದಲಾದರೂ ಅಲ್ಲಿಯೇ ಉಳಿಯುತ್ತದೆ.

5. ಪದಾಧಿಕಾರಿಗಳು ಬದಲಾದ ದಿನ, ಮೊಹರು ಮತ್ತು ಬೀಗದ ಕೈ ವಹಿಸಿಕೊಡುವಾಗಲೇ ಹಳಬರ ಅನುಮತಿಯನ್ನು ತೆಗೆದು ಹೊಸಬರಿಗೆ ಕೊಡತಕ್ಕದ್ದು.

ಕೊಳೆರೋಗ ಕಾಣುವವರೆಗೆ ಕಾಯದೆ ಮಳೆಗೆ ಮುಂಚೆಯೇ ಬೋರ್ಡೋ ದ್ರಾವಣ ಸಿಂಪಡಿಸುತ್ತೇವಷ್ಟೆ? ಇಲ್ಲಿಯೂ ಹಾಗೆಯೇ. ಮುಂದಿನ ಸಭೆಯಲ್ಲಿ ನಿಮ್ಮ ಕಾರ್ಯದರ್ಶಿಯವರನ್ನು ಮೂರು ಪ್ರಶ್ನೆ ಕೇಳಿರಿ: ನಮ್ಮ ಪಟ್ಟಿಯನ್ನು ಯಾರು ನೋಡಬಲ್ಲರು? ಯಾರು ತಿದ್ದಬಲ್ಲರು? ಅದು ಯಾರ ಖಾತೆಯಲ್ಲಿದೆ? ಕೇಳಲು ಸಂಕೋಚ ಬೇಡ. ಪಟ್ಟಿಯಲ್ಲಿರುವ ಹೆಸರೂ ಹಣವೂ ನಿಮ್ಮದೇ.