ಗುರುದೀಕ್ಷೆಯ ದಾರಿಯಲ್ಲಿ ಕಲಿತದ್ದು

ಸಭೆಯ ಯೌವನಸ್ಥರ ಕೆಲಸ ನೋಡಿಕೊಳ್ಳುವ ಹುಡುಗರು, ಹುಡುಗಿಯರು ಆಗಾಗ ಬಂದು ಕೇಳುತ್ತಾರೆ: "ಅಯ್ಯನವರೇ, ಸಭಾಪಾಲಕರಾಗಬೇಕಾದರೆ ಏನು ಮಾಡಬೇಕು?" ಸಭೆಯ ಶಿಫಾರಸು, ಡಯಾಸಿಸ್‌ನ ಸಂದರ್ಶನ, ದೇವಶಾಸ್ತ್ರದ ಓದು, ದೀಕ್ಷೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಇವುಗಳ ನಡುವೆ ಏನೇನಿದೆ ಎಂಬುದನ್ನು ಯಾರಾದರೂ ಮೊದಲೇ ನನಗೆ ಹೇಳಿದ್ದರೆ ಒಂದಿಬ್ಬರಿಗೆ ನನ್ನಿಂದ ಆದ ನೋವು ತಪ್ಪುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ದಕ್ಷಿಣ ಭಾರತ ಸಭೆಯವನು, ಅಂದರೆ ಸಿಎಸ್‌ಐ. ಕರಾವಳಿಯ ಕಡೆ ಸಭಾಪಾಲಕ. ಬೇರೆ ಸಭೆಗಳಲ್ಲಿ ಕ್ರಮ ಬೇರೆ ಇರುತ್ತದೆ.

1. ಹುಡುಗರು ಸೇರಿದ ಮಾತ್ರಕ್ಕೆ ಸಭೆ ಸೇರಿದ ಹಾಗಲ್ಲ

ಆಗ ನಾನು ಸಭೆಯ ಯೌವನಸ್ಥರ ನಾಯಕ. ಶನಿವಾರ ಸಂಜೆಯ ಕೂಟ, ಗಿಟಾರು, ಬೇಸಿಗೆ ರಜೆಯಲ್ಲಿ ಮಕ್ಕಳ ಬೈಬಲ್ ಶಾಲೆ (ವಿಬಿಎಸ್), ಡಿಸೆಂಬರ್ ಬಂತೆಂದರೆ ಮನೆಮನೆಗೆ ಕ್ಯಾರಲ್. ಹುಡುಗರೆಲ್ಲ "ಪಾಸ್ಟರ್ ಅಣ್ಣ" ಎನ್ನುತ್ತಿದ್ದರು. ಇಷ್ಟಾದ ಮೇಲೆ ಶಿಫಾರಸು ಸಿಗುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಶಿಫಾರಸು ಕೊಡುವ ಪಾಸ್ಟರೇಟ್ ಕಮಿಟಿಯ ಮುಂದೆ ಕೂತಾಗ ಒಬ್ಬರು ಹಿರಿಯರು ಮೆತ್ತಗೆ ಕೇಳಿದರು: "ನಮ್ಮ ಮನೆ ಎಲ್ಲಿ ಅಂತ ಗೊತ್ತುಂಟಾ ನಿಮಗೆ?" ಅವರ ಮಗನ ಪರೀಕ್ಷೆ, ಕ್ರಿಕೆಟ್ಟು, ಗೆಳೆಯರು ಎಲ್ಲ ನನಗೆ ಗೊತ್ತಿತ್ತು. ಮನೆ ಗೊತ್ತಿರಲಿಲ್ಲ. ಅವರ ಹೆಂಡತಿ ಹಾಸಿಗೆ ಹಿಡಿದು ಬಹಳ ಕಾಲವಾಗಿದೆ ಎಂಬುದೂ ಗೊತ್ತಿರಲಿಲ್ಲ. ಆ ಸಲ ಶಿಫಾರಸು ಸಿಗಲಿಲ್ಲ.

ಆಗ ಬೇಸರವಾಗಿತ್ತು. ಕಮಿಟಿ ಮಾಡಿದ್ದೇ ಸರಿ ಎಂದು ಈಗ ಅನಿಸುತ್ತದೆ. ಮರುವಾರದಿಂದ ನಮ್ಮ ಸಭಾಪಾಲಕರಾಗಿದ್ದ ಅಯ್ಯನವರ ಹಿಂದೆ ಮನೆ ಭೇಟಿಗೆ ಹೊರಟೆ. ಅವರು ಒಳಗೆ ಹೋದ ಕೂಡಲೇ ಬೈಬಲ್ ತೆರೆಯುತ್ತಿರಲಿಲ್ಲ. ಮೊದಲು ರೋಗಿಯ ಮಂಚದ ಬಳಿ ಸ್ಟೂಲ್ ಎಳೆದು ಕೂರುತ್ತಿದ್ದರು. ಮಾತ್ರೆಯ ಚೀಟಿ ನೋಡುತ್ತಿದ್ದರು. ರಾತ್ರಿ ಯಾರು ಎದ್ದು ನೋಡಿಕೊಳ್ಳುತ್ತಾರೆ ಎಂದು ವಿಚಾರಿಸುತ್ತಿದ್ದರು. ಪ್ರಾರ್ಥನೆ ಕೊನೆಗೆ, ಅದೂ ಚಿಕ್ಕದು. ಅವರು ಕೇಳಿ ತಿಳಿದದ್ದೆಲ್ಲ ಅದರಲ್ಲಿ ಹೆಸರು ಹಿಡಿದು ಬರುತ್ತಿತ್ತು.

2. ಮದುವೆ ಮಾಡಿಸಲು ಪ್ರೀತಿಯೊಂದೇ ಸಾಲದು

ನಮ್ಮ ಗುಂಪಿನದೇ ಹುಡುಗ, ಹುಡುಗಿ. ನಿಶ್ಚಿತಾರ್ಥ ಮುಗಿದ ಮೇಲೆ ಬಂದು, "ಅಣ್ಣಾ, ನಮ್ಮ ಮದುವೆ ನೀವೇ ಮಾಡಿಸಬೇಕು" ಎಂದರು. ಸಂತೋಷದಿಂದ ಒಪ್ಪಿಕೊಂಡೆ. ಮದುವೆಯ ಕಾಗದದಲ್ಲಿ ನನ್ನ ಹೆಸರೂ ಅಚ್ಚಾಯಿತು.

ಕಾಗದ ನೋಡಿದ ಅಯ್ಯನವರು ಬೈಯಲಿಲ್ಲ. ಕಪಾಟಿನಿಂದ ತೆಳ್ಳನೆಯ ಪುಸ್ತಕವೊಂದನ್ನು ತೆಗೆದು ನನ್ನ ಮುಂದಿಟ್ಟರು: 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ. "ಐದನೇ ಕಲಂ ಓದು. ನೀನು ಇದರಲ್ಲಿ ಎಲ್ಲಿದ್ದಿ ತೋರಿಸು ಮಾರಾಯ" ಎಂದರು. ಮದುವೆ ನೆರವೇರಿಸಬಲ್ಲವರು ಯಾರು ಎಂಬುದನ್ನು ಆ ಕಲಂ ಬಿಡಿಸಿ ಹೇಳುತ್ತದೆ. ಬಿಷಪರಿಂದ ದೀಕ್ಷೆ ಪಡೆದವರು ತಮ್ಮ ಸಭೆಯ ಕ್ರಮದಂತೆ ಮಾಡಿಸಬಹುದು. ಚರ್ಚ್ ಆಫ್ ಸ್ಕಾಟ್ಲೆಂಡಿನ ಪಾದ್ರಿಗಳು ಮಾಡಿಸಬಹುದು. ಈ ಕಾಯ್ದೆಯಡಿ ಲೈಸೆನ್ಸ್ ಪಡೆದ ಧರ್ಮಬೋಧಕರು, ವಿವಾಹ ರಿಜಿಸ್ಟ್ರಾರರು, ಭಾರತೀಯ ಕ್ರೈಸ್ತರ ಮದುವೆಗೆ ಪ್ರಮಾಣಪತ್ರ ಕೊಡಲು ಲೈಸೆನ್ಸ್ ಇರುವವರು ಮಾಡಿಸಬಹುದು. ಯೌವನಸ್ಥರ ನಾಯಕ ಅದರಲ್ಲಿ ಎಲ್ಲೂ ಇಲ್ಲ. ಬಿಷಪರಿಲ್ಲದ ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ರಾಜ್ಯ ಸರ್ಕಾರದ ಲೈಸೆನ್ಸ್ ಏಕೆ ಮುಖ್ಯ ಎಂಬುದೂ ನನಗೆ ಅಂದೇ ತಿಳಿದದ್ದು.

ಆಮೇಲೆ 68ನೇ ಕಲಂ ತೋರಿಸಿದರು. ಅಧಿಕಾರವಿಲ್ಲದೆ ಮದುವೆ ಮಾಡಿಸಿದವನಿಗೆ ಹತ್ತು ವರ್ಷದವರೆಗೆ ಸೆರೆ, ಮೇಲೆ ದಂಡ. "ಶಿಕ್ಷೆ ನಿನಗೆ, ಅದು ಬಿಡು. ನಾಳೆ ಆ ಹುಡುಗಿ ಪಾಸ್‌ಪೋರ್ಟಿಗೋ ಪಿಂಚಣಿಗೋ ಮದುವೆ ಸರ್ಟಿಫಿಕೇಟ್ ಹಿಡಿದುಕೊಂಡು ಹೋದಾಗ ಯಾರಾದರೂ ಪ್ರಶ್ನೆ ಎತ್ತಿದರೆ ಅವಳು ಎಲ್ಲಿಗೆ ಹೋಗಬೇಕು?" ಎಂದರು.

ಎರಡೂ ಮನೆಗೆ ಹೋಗಿ ತಪ್ಪು ನನ್ನದೇ ಎಂದು ಹೇಳಿದೆ. ಕಾಗದ ಮತ್ತೆ ಅಚ್ಚಾಯಿತು. ಮದುವೆಯ ದಿನ ಬೈಬಲ್ ಪಾಠ ಓದಿದ್ದಷ್ಟೇ ನನ್ನ ಪಾಲಿನ ಕೆಲಸ. ಅಧಿಕಾರ, ಮಾನ್ಯತೆ ಎಂಬ ಮಾತುಗಳನ್ನು ಅಲ್ಲಿಯವರೆಗೆ ನಾನು ನನಗೆ ಸಿಗಬೇಕಾದ ಗೌರವವೆಂದೇ ತಿಳಿದಿದ್ದೆ. ನನ್ನನ್ನು ನಂಬಿ ಬಂದವರಿಗೆ ಅದು ರಕ್ಷಣೆ ಎಂಬುದು ಆ ಮೇಜಿನ ಮುಂದೆ ಕೂತಾಗ ಮನಸ್ಸಿಗೆ ಇಳಿಯಿತು.

3. ಓದಿನ ವರ್ಷಗಳು ಸೇವೆಗೆ ಅಡ್ಡಿಯಲ್ಲ

"ಈಗಾಗಲೇ ಪ್ರಸಂಗ ಮಾಡುತ್ತಿದ್ದೇವಲ್ಲ, ಮತ್ತೆ ನಾಲ್ಕೈದು ವರ್ಷ ದೇವಶಾಸ್ತ್ರದ ಬಿ.ಡಿ. ಓದು ಏಕೆ?" ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಯೌವನಸ್ಥರ ಕೂಟಕ್ಕೆ ತಪ್ಪದೆ ಬರುತ್ತಿದ್ದ ಅವನು ಇದ್ದಕ್ಕಿದ್ದ ಹಾಗೆ ತಂದೆಯನ್ನು ಕಳೆದುಕೊಂಡ. ಮಣ್ಣು ಮಾಡಿ ಬಂದ ಸಂಜೆಯೇ ಅವನ ಹೆಗಲ ಮೇಲೆ ಕೈಯಿಟ್ಟು, ಎಲ್ಲ ದೇವರ ಚಿತ್ತ, ಇದರಲ್ಲೂ ಏನೋ ಒಳ್ಳೆಯದಿದೆ ಎಂದುಬಿಟ್ಟೆ. ಅವನು ಮತ್ತೆ ಕೂಟಕ್ಕೆ ಬರಲಿಲ್ಲ.

ಆಮೇಲೆ ನಾನು ಓದಲು ಹೋದದ್ದು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ. ನಮ್ಮ ಪದವಿ ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. ಆ ಕಾಲೇಜು 1818ರದು. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ವಿಲಿಯಂ ಕೇರಿ ಅದಕ್ಕೂ ಒಂದು ವರ್ಷ ಮೊದಲೇ ಕನ್ನಡದ ವ್ಯಾಕರಣ ಬರೆದು ಅಚ್ಚು ಹಾಕಿಸಿದ್ದ. ಜನರ ನುಡಿ ಕಲಿಯದೆ ಬಾಯಿ ತೆರೆಯಬಾರದು ಎಂಬುದು ಆ ಮನೆಯ ಹಳೆಯ ಶಿಸ್ತು. ಯೋಬನ ಪುಸ್ತಕದ ತರಗತಿಯಲ್ಲಿ ಆ ಶಿಸ್ತು ನನ್ನನ್ನು ತಟ್ಟಿತು. ದುಃಖದಲ್ಲಿ ಮುಳುಗಿದ್ದ ಯೋಬನ ಬಳಿಗೆ ಅವನ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು. ಅಷ್ಟೂ ದಿನ ಒಳ್ಳೆಯ ಗೆಳೆಯರೇ. ಕಾರಣ ವಿವರಿಸಲು ಹೊರಟ ಮೇಲೆ ಕೆಟ್ಟರು. ಆ ಅಧ್ಯಾಯ ಓದುತ್ತಾ ನನಗೆ ಆ ಹುಡುಗನ ಮುಖ ಕಾಣಿಸಿತು. ರಜೆಯಲ್ಲಿ ಊರಿಗೆ ಹೋದಾಗ ಅವನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವನು ಚಹಾ ಕೊಟ್ಟ. ತಂದೆಯ ಬಗ್ಗೆ ಬಹಳ ಹೊತ್ತು ಮಾತಾಡಿದ. ನಾನು ಕೇಳಿಸಿಕೊಂಡೆ.

4. ಡೀಕನ್ ಆಗಿರುವ ಕಾಲವನ್ನು ಹಾರಿ ದಾಟಬೇಡಿ

ಓದು ಮುಗಿದು, ಸಭೆಗಳಲ್ಲಿ ತರಬೇತಿ ಆದ ಮೇಲೆ ಮೊದಲು ಡೀಕನ್ ದೀಕ್ಷೆ. ಡೀಕನ್ ಪ್ರಸಂಗ ಮಾಡಬಹುದು, ಪ್ರಭುಭೋಜನದಲ್ಲಿ ಪಾತ್ರೆ ಹಿಡಿದು ಹಂಚಲು ನೆರವಾಗಬಹುದು. ಅದನ್ನು ನಡೆಸುವುದು ಮಾತ್ರ ಪ್ರೆಸ್ಬಿಟರ್, ಅಂದರೆ ಪೂರ್ಣ ದೀಕ್ಷೆ ಪಡೆದ ಸಭಾಪಾಲಕರ, ಇಲ್ಲವೇ ಬಿಷಪರ ಕೆಲಸ. ನಿಲುವಂಗಿ ಹಾಕಿಯೂ ಮೇಜಿನ ಪಕ್ಕಕ್ಕೆ ನಿಲ್ಲುವುದು ಮೊದಮೊದಲು ನನಗೆ ಕಷ್ಟವಾಯಿತು. ಆದರೆ ಸಾಲಿನಲ್ಲಿ ಮೊಣಕಾಲೂರಿದವರ ಕೈಗಳನ್ನು ನಾನು ನೋಡಿದ್ದೇ ಆಗ. ಬೀಡಿ ಕಟ್ಟಿ ಒರಟಾದ ಬೆರಳು, ನಡುಗುವ ಮುದಿ ಕೈ, ಮೊದಲ ಸಲ ಬಂದ ಹುಡುಗಿಯ ಮದರಂಗಿ ಮಾಸದ ಅಂಗೈ. ಈಗ ಮುಂದೆ ನಿಂತು ಪ್ರಾರ್ಥನೆ ಹೇಳುವಾಗ ಅಷ್ಟು ಹತ್ತಿರದಿಂದ ನೋಡಲು ಆಗುವುದಿಲ್ಲ.

5. ರಿಜಿಸ್ಟರನ್ನು ಅಂದೇ ಬರೆಯಿರಿ

ದೀಕ್ಷಾಸ್ನಾನ, ಮದುವೆ, ಮರಣ, ಮೂರಕ್ಕೂ ಪುಸ್ತಕವಿದೆ. ತಾಯಿ ತಂದೆಯ ಹೆಸರಿನ ಅಕ್ಷರ ಅವರ ಮುಂದೆಯೇ ಓದಿ ಹೇಳಿ, ಆಮೇಲೆ ಸಹಿ ಮಾಡಿ. ಎಷ್ಟೋ ವರ್ಷದ ನಂತರ ಯಾರೋ ಶಾಲೆಗೆ, ವೀಸಾಕ್ಕೆ ಆ ಸಾಲನ್ನೇ ನಂಬಿ ಬರುತ್ತಾರೆ.

6. ದೀಕ್ಷೆ ಒಬ್ಬರ ಕೈಯಿಂದ ಬರುವುದಲ್ಲ

1919ರಲ್ಲಿ ತರಂಗಂಬಾಡಿಯಲ್ಲಿ ಕೆಲವರು ಸಭೆಗಳು ಒಂದಾಗಬೇಕೆಂದು ಕರೆ ಕೊಟ್ಟರು. ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥಡ್ರಲ್‌ನಲ್ಲಿ. ನಡುವಿನ 28 ವರ್ಷಗಳ ಮಾತುಕತೆಯಲ್ಲಿ ಅತ್ಯಂತ ಬಿಕ್ಕಟ್ಟಾದ ಪ್ರಶ್ನೆ, ಯಾರ ದೀಕ್ಷೆ ಸರಿಯಾದ ದೀಕ್ಷೆ ಎಂಬುದೇ. ಆಂಗ್ಲಿಕನ್ನರಿಗೆ ಬಿಷಪರಿದ್ದರು, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳವರಿಗೂ ಇಲ್ಲಿನ ಮೆಥಡಿಸ್ಟರಿಗೂ ಇರಲಿಲ್ಲ. ಕೊನೆಗೆ, ಆಗ ಇದ್ದ ಸಭಾಪಾಲಕರಿಗೆ ಮತ್ತೆ ದೀಕ್ಷೆ ಬೇಡ, ಮುಂದಿನವರೆಲ್ಲರಿಗೂ ಬಿಷಪರಿಂದಲೇ ದೀಕ್ಷೆ ಎಂದು ಒಪ್ಪಿಕೊಂಡರು. ಒಬ್ಬರ ಸೇವೆಯನ್ನು ಇನ್ನೊಬ್ಬರು ಅಲ್ಲಗಳೆಯದೆ ಒಂದಾದ ಈ ರೀತಿ ನಮ್ಮ ಸಭೆಯ ಬಹು ದೊಡ್ಡ ಆಸ್ತಿ ಎಂದು ನಾನು ನಂಬುತ್ತೇನೆ.

ದೀಕ್ಷೆಯ ದಿನ ಬಿಷಪರು ಮೊದಲು ಸಭೆಯನ್ನು ಕೇಳುತ್ತಾರೆ. ಜನ ಒಪ್ಪಿದ ಮೇಲೆಯೇ ಮುಂದಿನ ಕ್ರಮ. ನಾನು ಮೊಣಕಾಲೂರಿದಾಗ ಬಿಷಪರ ಜೊತೆ ಪ್ರೆಸ್ಬಿಟರುಗಳೂ ತಲೆಯ ಮೇಲೆ ಕೈಯಿಟ್ಟರು. ಕೈಗಳ ಭಾರಕ್ಕೆ ಕುತ್ತಿಗೆ ನಿಜಕ್ಕೂ ಬಗ್ಗಿತ್ತು. ಒಪ್ಪಿಗೆ ಹೇಳಿದ ಜನರಲ್ಲಿ, ಮನೆ ಎಲ್ಲಿ ಎಂದು ಕೇಳಿದ್ದ ಆ ಹಿರಿಯರೂ ಇದ್ದರು. ಕೆಲವೇ ದಿನಗಳಲ್ಲಿ ವರ್ಗದ ಆದೇಶ ಬಂತು, ಗುರುತು ಪರಿಚಯ ಯಾವುದೂ ಇಲ್ಲದ ಊರಿಗೆ.

7. ಶಿಫಾರಸು ಬರೆಯುವ ಸರದಿ ನಿಮಗೂ ಬರುತ್ತದೆ

ಈಗ ನನ್ನ ಸಭೆಯ ಒಬ್ಬ ಹುಡುಗಿ ಬಂದಿದ್ದಾಳೆ. ಸಂಡೆ ಸ್ಕೂಲ್ ನಡೆಸುತ್ತಾಳೆ, ಮಕ್ಕಳಿಗೆ ಅವಳೆಂದರೆ ಪ್ರಾಣ. "ಹೆಣ್ಣು ಮಗು, ಊರೂರಿಗೆ ವರ್ಗ ಆಗುತ್ತದೆ, ಹೇಗೆ ಅಯ್ಯನವರೇ?" ಎಂದು ಅವಳ ತಂದೆಗೆ ಚಿಂತೆ. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಸಿಎಸ್‌ಐಯ ಮೊದಲ ಮಹಿಳಾ ಬಿಷಪರಾದದ್ದನ್ನು ಅವರಿಗೆ ಹೇಳಿದೆ. ವರ್ಗದ ಕಷ್ಟ ಇರುವುದು ನಿಜ, ಅದನ್ನು ಮುಚ್ಚಿಡಲಿಲ್ಲ. ಅವಳಿಗೆ ಕೊಟ್ಟ ಕೆಲಸ ಒಂದೇ: ಮುಂದಿನ ಕಮಿಟಿ ಸಭೆಯ ಒಳಗೆ ನಮ್ಮ ಊರಿನ ಎಲ್ಲ ಮನೆಗಳಿಗೂ ಹೋಗಿ ಬಾ, ಕಮಿಟಿಯವರ ಮನೆಗಳಿಗೆ ಕೊನೆಗೆ ಹೋದರೆ ಸಾಕು. ಗುಡ್ಡದ ಮೇಲಿನ ಮನೆಗಳಿಂದ ಶುರು ಮಾಡಿದ್ದಾಳೆ. ಅಲ್ಲಿ ಒಬ್ಬ ಅಜ್ಜಿಗೆ ಕಿವಿ ಕೇಳುವುದಿಲ್ಲವಂತೆ. ಆರಾಧನೆಯ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಬಹುದೇ ಎಂದು ಮೊನ್ನೆ ನನ್ನನ್ನು ಕೇಳಿದಳು. ಈ ಭಾನುವಾರಕ್ಕೆ ಹಾಕಿಸುತ್ತಿದ್ದೇವೆ.